ಬೂದು ಚೌಕದ ಹಿಂದಿನ ದನಿ

"ಇನ್ನೊಂದು ಸಲ ಹಾಕಿ, ಶಶಿಧರ್."

ಶಶಿಧರ್ ಫೋನಿನ ಪರದೆಯನ್ನು ಮತ್ತೆ ಒತ್ತಿದ. ರೆಕಾರ್ಡಾಗಿದ್ದ ಕರೆ ಮೊದಲಿನಿಂದ ಶುರುವಾಯಿತು.

"ಅಲೋ... ಯಾರು?" ವಯಸ್ಸಾದ ಹೆಂಗಸಿನ ದನಿ.

"ಅಮ್ಮಾ, ನಾನು ಮಧು. ರಸ್ತೆಯ ತಿರುವಿನಲ್ಲಿ ಒಂದು ಬಿಳಿ ಕಾರು ನಿಂತಿದೆ. ಅದರಲ್ಲಿ ಕುಳಿತುಕೊಂಡು ಬಾ. ಯಾರಿಗೂ ಹೇಳಬೇಡ, ಆಯಿತಾ?"

"ಬಂದೆ ಕಣಮ್ಮಾ. ಚಪ್ಲಿ ಮೆಟ್ಕೊಂಡು ಬಂದೇಬುಟ್ಟೆ."

ಅಷ್ಟೇ. ಕರೆ ಮುಗಿಯಿತು.

ಮೈತ್ರೇಯಿ ಫೋನಿನಿಂದ ಕಣ್ಣು ತೆಗೆದು ಎದುರಿಗೆ ಕೂತಿದ್ದ ಹೆಂಗಸನ್ನು ನೋಡಿದಳು. ಮಧುಮತಿಯ ಕುತ್ತಿಗೆಗೆ ತೆಳುವಾದ ಹತ್ತಿಯ ಬಟ್ಟೆ ಸುತ್ತಿತ್ತು. ಆ ಬಟ್ಟೆಯ ಹಿಂದೆ ಉಸಿರಾಡಲು ಡಾಕ್ಟರು ಮಾಡಿಕೊಟ್ಟ ಒಂದು ಸಣ್ಣ ರಂಧ್ರ. 2018ರಲ್ಲಿ ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅಂದಿನಿಂದ ಅವಳ ಬಾಯಿಂದ ಒಂದು ಪದವೂ ಹೊರಟಿಲ್ಲ.

ಆದರೂ ನಿನ್ನೆ ಬೆಳಿಗ್ಗೆ ಅವಳ ದನಿ ಅವಳ ತಾಯಿಗೆ ಫೋನು ಮಾಡಿತ್ತು. ತಾಯಿ ಮುನಿವೆಂಕಟಮ್ಮ ಆ ದನಿಯನ್ನು ನಂಬಿ, ಕರೆ ರೆಕಾರ್ಡಾಗಿದ್ದ ಈ ಫೋನನ್ನೂ ಬಿಟ್ಟು, ಸಾರಕ್ಕಿಯ ಈ ಮನೆಯಿಂದ ಹೊರಟವಳು ಇನ್ನೂ ಪತ್ತೆಯಿಲ್ಲ.

"ಮೇಡಂ," ಶಶಿಧರ್ ನಿಧಾನವಾಗಿ ಹೇಳಿದ. "ಈ ದನಿ ನಂಗೆ ಗೊತ್ತು."

"ಗೊತ್ತು ಅಂದ್ರೆ?"

"ನನ್ ಮಗಳು ಚಿಕ್ಕೋಳಿದ್ದಾಗ ನಮ್ಮನೇಲಿ ದಿನಾ ಕೇಳಿಸ್ತಿತ್ತು. 'ಬೆಳ್ಳಿಚುಕ್ಕಿ' ಅಂತ ಪಾಠಗಳು ಬರ್ತಿದ್ವು, ಕಂಪ್ಯೂಟರಲ್ಲಿ. ಸೂರ್ಯನ ಮೇಲೆ ಒತ್ತಿದ್ರೆ ಸೂರ್ಯನ ಕಥೆ, ಕಪ್ಪೆ ಮೇಲೆ ಒತ್ತಿದ್ರೆ ಕಪ್ಪೆ ಕಥೆ. ಪ್ರತಿ ಮಾತಿನ ಕೊನೇಲೂ ಹಿಂಗೇ ರಾಗ ಎಳೆದು 'ಆಯಿತಾ?' ಅನ್ನೋರು. ನನ್ ಮಗಳೂ ಊಟಕ್ಕೆ ಕೂತ್ರೆ ಹಂಗೇ ಮಾತಾಡೋಳು."

ಶಶಿಧರ್ ಹಿಂದೆ ಪೊಲೀಸ್ ಇಲಾಖೆಯ ಸೈಬರ್ ವಿಭಾಗದಲ್ಲಿದ್ದವನು. ಮೈತ್ರೇಯಿ ಇನ್‌ಸ್ಪೆಕ್ಟರ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿ ಕಚೇರಿ ತೆರೆದಾಗ ತಾನೂ ಹೊರಬಂದು ಅವಳ ಜೊತೆ ನಿಂತಿದ್ದ. ದನಿಯ ವಿಷಯದಲ್ಲಿ ಅವನು ತಪ್ಪುವುದು ಕಡಿಮೆ.

ಮಧುಮತಿ ತನ್ನ ಫೋನಿನಲ್ಲಿ ಟೈಪ್ ಮಾಡಿ ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಆ ಪಾಠ ಓದಿದ್ದು ನಾನೇ."

"ಮನೇಲಿ ಅಮ್ಮನ ಹತ್ರ ಹೀಗೇ ಮಾತಾಡ್ತಿದ್ರಾ? 'ಕುಳಿತುಕೊಂಡು ಬಾ' ಅಂತ?"

ಮಧುಮತಿ ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಟೈಪ್ ಮಾಡಿದಳು. "ಮನೆಯಲ್ಲಿ ನಮ್ಮದು ಸಾರಕ್ಕಿ ಮಾತು. ಇದು ಪಾಠದ ಮಾತು."

ಹಾಗಾದರೆ ಯಾರೋ ಪಾಠಗಳಿಂದ ದನಿ ಎತ್ತಿದ್ದಾರೆ. ಅದನ್ನು ಯಂತ್ರಕ್ಕೆ ಕಲಿಸಿ ಬೇಕಾದ ಮಾತು ಆಡಿಸಿದ್ದಾರೆ. ಇತ್ತೀಚೆಗೆ ಅದು ಕಷ್ಟದ ಕೆಲಸವಲ್ಲ ಎಂಬುದು ಮೈತ್ರೇಯಿಗೆ ಗೊತ್ತಿತ್ತು. ಒಬ್ಬರ ದನಿ ಸಾಕಷ್ಟು ಸಿಕ್ಕರೆ ಸಾಕು.

"ಆ ಪಾಠಗಳು ಈಗ ಎಲ್ಲಿ ಸಿಗ್ತವೆ?"

"ಎಲ್ಲೂ ಸಿಗಲ್ಲ ಮೇಡಂ," ಎಂದ ಶಶಿಧರ್. "ಅದೇ ನಂಗೂ ಅರ್ಥ ಆಗ್ತಿಲ್ಲ. ಅವೆಲ್ಲ ಓಡ್ತಿದ್ದಿದ್ದು ಫ್ಲಾಶ್ ಮೇಲೆ. ಬ್ರೌಸರಿಗೆ ಅಂಟಿಸೋ ಒಂದು ಪ್ಲಗಿನ್ನು. ಆಗಿನ ಕಾಲದ ಆಟ, ಕಾರ್ಟೂನು, ಹಾಡು, ಪಾಠ ಎಲ್ಲಕ್ಕೂ ಅದೇ ಬೇಕಿತ್ತು. ಹಳೇದಾಯ್ತು, ಕಳ್ಳರು ನುಗ್ಗೋಕೆ ಹತ್ತಾರು ದಾರಿ ಇದೆ ಅಂತ 2020ರ ಕೊನೇಲಿ ನಿಲ್ಲಿಸಿಬಿಟ್ರು. ಮುಂದಿನ ಜನವರಿ ಹನ್ನೆರಡರಿಂದ ಅದು ತಾನಾಗೇ ಬಾಗಿಲು ಹಾಕ್ಕೊಳ್ತು. ಪಾಠ ಇದ್ದ ಜಾಗದಲ್ಲಿ ಬರೀ ಒಂದು ಬೂದು ಚೌಕ ಕಾಣೋದು."

ಬೂದು ಚೌಕ ಎಂಬ ಮಾತಿಗೆ ಮಧುಮತಿಯ ಬೆರಳುಗಳು ಪರದೆಯ ಮೇಲೆ ಓಡತೊಡಗಿದವು. ಈ ಸಲ ಉದ್ದಕ್ಕೆ ಬರೆದಳು. ಮೈತ್ರೇಯಿ ಕಾದಳು.

"ಆಪರೇಷನ್ ಆದ ಮೇಲೆ ದಿನಾ ಸಂಜೆ ಅಮ್ಮನನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು ಪಾಠ ಹಾಕುತ್ತಿದ್ದೆ. ಅಮ್ಮನಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ನನ್ನ ದನಿ ಕೇಳಿ ನಗೋರು. ಆ ಜನವರಿಯಲ್ಲಿ ಒಂದು ದಿನ ಚೌಕ ಬಂತು. ಅಮ್ಮ ಹಾಕು ಹಾಕು ಅಂತಿದ್ದರು. ಯಾಕೆ ಹಾಕಲಾಗುತ್ತಿಲ್ಲ ಅಂತ ಹೇಳಲು ನನಗೆ ದನಿಯಿಲ್ಲ, ಬರೆದರೆ ಓದಲು ಅವರಿಗೆ ಕಣ್ಣಿಲ್ಲ. ನನ್ನ ದನಿ ನನಗೆ ಎರಡು ಸಲ ಹೋಯಿತು ಮೇಡಂ."

ಓದಿ ಮುಗಿಸಿ ಮೈತ್ರೇಯಿ ಫೋನನ್ನು ಅವಳ ಕಡೆ ಸರಿಸಿದಳು.

"ಈಗ ಅಮ್ಮನ ಜೊತೆ ಹೇಗೆ ಮಾತಾಡ್ತೀರಿ?"

ಮಧುಮತಿ ಎಡಗೈ ಚಾಚಿ, ಬಲಗೈ ಬೆರಳಿನಿಂದ ಅಂಗೈ ಮೇಲೆ ತಟ್ಟಿ, ಗೆರೆ ಎಳೆದು ತೋರಿಸಿದಳು. ಊಟಕ್ಕೆ ಒಂದು ಗುರುತು, ಮಾತ್ರೆಗೆ ಒಂದು. ಉಳಿದದ್ದನ್ನು ಪಕ್ಕದ ಮನೆಯ ಅಕ್ಕಯಮ್ಮ ಓದಿ ಹೇಳುತ್ತಿದ್ದಳಂತೆ. ನಿನ್ನೆ ಮುದುಕಿ ಗೋಡೆ ಹಿಡಿದುಕೊಂಡು ತಿರುವಿನವರೆಗೆ ನಡೆದು ಹೋದದ್ದನ್ನು ನೋಡಿದವಳೂ ಅವಳೇ. ಕೇಳಿದರೆ ಮುನಿವೆಂಕಟಮ್ಮ ನಕ್ಕು, "ನನ್ ಮಗಳು ಕರೀತಾವ್ಳೆ" ಎಂದಿದ್ದಳಂತೆ. ತಿರುವಿನ ಕ್ಯಾಮೆರಾದಲ್ಲಿ ಬಿಳಿ ಕಾರು ಕಾಣುತ್ತಿತ್ತು, ನಂಬರು ಕಾಣುತ್ತಿರಲಿಲ್ಲ. ಪೊಲೀಸರ ಹುಡುಕಾಟ ಅಲ್ಲಿಗೇ ನಿಂತಿತ್ತು.

"ನಿಮ್ಮಮ್ಮನನ್ನ ಕರ್ಕೊಂಡು ಹೋಗಿ ಯಾರಿಗೇನು ಲಾಭ?"

"ಸೋಮವಾರ ಅಮ್ಮ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು."

ಆ ಕೇಸಿನ ವಿಷಯವನ್ನೂ ಅವಳು ಬರೆದು ತಿಳಿಸಿದಳು. ಇಲ್ಲಿ ರಾಗಿ ಹೊಲಗಳಿದ್ದ ಕಾಲದಲ್ಲಿ ಮಳೆನೀರನ್ನು ಕೆರೆಗೆ ಒಯ್ಯುತ್ತಿದ್ದ ಒಂದು ಕಾಲುವೆಯಿತ್ತು. ಈಗ ಅದರ ಮೇಲೆ ಒಬ್ಬ ಬಿಲ್ಡರನ ಕಟ್ಟಡ ಎದ್ದಿದೆ, ಜೋರು ಮಳೆ ಬಂದರೆ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. ಇಲ್ಲಿ ಕಾಲುವೆಯೇ ಇರಲಿಲ್ಲ ಎಂಬುದು ಬಿಲ್ಡರನ ವಾದ. ಮದುವೆಯಾಗಿ ಬಂದ ಹೊಸತರಲ್ಲಿ ಆ ಕಾಲುವೆಯ ದಂಡೆಯಲ್ಲಿ ಹುಲ್ಲು ಕೊಯ್ದವರಲ್ಲಿ ಬದುಕುಳಿದವಳು ಮುನಿವೆಂಕಟಮ್ಮ ಒಬ್ಬಳೇ. ಕಣ್ಣಿಲ್ಲದಿದ್ದರೂ ಕಾಲಿಗೆ ಆ ದಾರಿ ಗೊತ್ತು, ಜಡ್ಜರ ಮುಂದೆ ನಡೆದು ತೋರಿಸುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದಳು.

ಇಂದು ಶನಿವಾರ.

"ಒಂದು ಕೊನೇ ಪ್ರಶ್ನೆ," ಮೈತ್ರೇಯಿ ಎದ್ದು ನಿಂತಳು. "ಆ ಪಾಠಗಳಲ್ಲಿ ನಿಮ್ಮ ದನೀನ ನೀವು ಕೊನೇ ಸಲ ಕೇಳಿದ್ದು ಯಾವಾಗ?"

ಇಷ್ಟು ಹೊತ್ತು ಸರಸರನೆ ಓಡುತ್ತಿದ್ದ ಬೆರಳುಗಳು ಪರದೆಯ ಮೇಲೆ ತಡೆದು ನಿಂತವು. ಆಮೇಲೆ ಒಂದೇ ಸಾಲು ಮೂಡಿತು.

"ಆ ಜನವರಿಗೆ ಮುಂಚೆ."

ಮೈತ್ರೇಯಿ ಚಪ್ಪಲಿ ಮೆಟ್ಟಿಕೊಂಡಳು.

*

'ಬೆಳ್ಳಿಚುಕ್ಕಿ' ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಜಯನಗರದ ನೆಲಮಾಳಿಗೆಯಲ್ಲಿದ್ದ ಅದರ ಸ್ಟುಡಿಯೋಗೆ ಒಂದು ಮಳೆಗಾಲದಲ್ಲಿ ನೀರು ನುಗ್ಗಿ ಮೂಲ ರೆಕಾರ್ಡಿಂಗುಗಳೆಲ್ಲ ಹಾಳಾಗಿದ್ದವು. ಪಾಠಗಳನ್ನು ಇಟ್ಟಿದ್ದ ಸರ್ವರನ್ನೂ ನಿಲ್ಲಿಸಿದ್ದರು. ಮಧುಮತಿಯ ಪ್ರಕಾರ ಪಾಠಗಳ ಒಂದೇ ಒಂದು ಪ್ರತಿ ಉಳಿದಿದ್ದರೆ ಅದು ಕಂಪನಿಯ ಯಜಮಾನರಾಗಿದ್ದ ಸೇತುರಾಮರ ಮನೆಯ ಹಳೆಯ ಕಂಪ್ಯೂಟರಿನಲ್ಲಿ.

ಪದ್ಮನಾಭನಗರದ ಆ ಮನೆಯ ಕೆಳಮಹಡಿಯನ್ನು ಟ್ಯೂಷನ್ ಸೆಂಟರಿಗೆ ಬಾಡಿಗೆಗೆ ಕೊಟ್ಟಿದ್ದರು. ಗೇಟಿನ ಮುಂದೆ ಸೈಕಲ್ಲು, ಸ್ಕೂಟರುಗಳ ನಡುವೆ ದಾರಿ ಮಾಡಿಕೊಂಡು ಇಬ್ಬರೂ ಮೆಟ್ಟಿಲು ಹತ್ತಿದರು. ಎಪ್ಪತ್ತು ದಾಟಿದ, ನೀಟಾಗಿ ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟಿನ ಸೇತುರಾಮರು ವಿಷಯ ಕೇಳಿ ಕುರ್ಚಿಯಲ್ಲಿ ಕುಸಿದರು.

"ಮುನಿವೆಂಕಟಮ್ಮನವರಾ? ಅಯ್ಯೋ! ಮಧು ರೆಕಾರ್ಡಿಂಗಿಗೆ ಬರ್ತಿದ್ದಾಗ ಆಕೆ ನಮಗೆಲ್ಲ ಹುರುಳಿಕಾಳು ಉಸಲಿ ತಂದ್ಕೊಡೋರು."

"ಅವರನ್ನ ಕರೆದಿದ್ದು ನಿಮ್ಮ ಪಾಠದ ದನಿ ಸಾರ್."

"ಹೇಗೆ ಸಾಧ್ಯ? ಅವು ಓಡೋದೇ ಇಲ್ಲವಲ್ಲ! ಯಾರೂ ಕದೀಬಾರದು ಅಂತ ಫೈಲುಗಳಿಗೆ ನಾವೇ ಬೀಗ ಹಾಕಿಸಿದ್ವಿ. ಆ ಪ್ಲಗಿನ್ ಒಳಗೆ ಓಡಿದ್ರೆ ಮಾತ್ರ ದನಿ ಬರೋದು. ಪ್ಲಗಿನ್ನೇ ನಿಂತುಹೋಯ್ತು. ಒಳಗಿದ್ದಿದ್ದು ಒಳಗೇ ಉಳೀತು."

"ಕಂಪ್ಯೂಟರ್ ಒಂದ್ಸಲ ನೋಡಬಹುದಾ?"

"ಧಾರಾಳವಾಗಿ ನೋಡಿ. ಅದನ್ನ ಮುಟ್ಟಿ ಎಷ್ಟು ಕಾಲ ಆಯ್ತೋ. ಆನ್ ಆದ್ರೆ ನಿಮ್ಮ ಅದೃಷ್ಟ."

ಅದು ಒಳಕೋಣೆಯಲ್ಲಿ, ಕಸೂತಿ ಹಾಕಿದ ಬಟ್ಟೆಯ ಕೆಳಗೆ ಕೂತಿತ್ತು. ಶಶಿಧರ್ ಬಟ್ಟೆ ಸರಿಸಿದ. ಮೈತ್ರೇಯಿ ಕೀಬೋರ್ಡನ್ನು ನೋಡಿದಳು, ಬೆರಳಿನಿಂದ ಸವರಿದಳು. ಧೂಳಿಲ್ಲ. ಬಟ್ಟೆ ಮುಚ್ಚಿತ್ತು, ಇರಲಿ. ಆದರೆ ಗೋಡೆಯ ಸಾಕೆಟ್ಟಿನಿಂದ ಕಿತ್ತ ಇಂಟರ್ನೆಟ್ ವೈರು ಸುರುಳಿ ಸುತ್ತಿ ಮೇಜಿನ ಮೇಲೆಯೇ ಬಿದ್ದಿತ್ತು. ಅದರ ಮೇಲೂ ಧೂಳಿಲ್ಲ.

ಕಂಪ್ಯೂಟರ್ ಗೊರಗೊರ ಸದ್ದು ಮಾಡುತ್ತಾ ಎದ್ದಿತು. ಪರದೆಯ ಕೆಳಗಿನ ಮೂಲೆಯಲ್ಲಿ ಗಡಿಯಾರ ಮೂಡಿತು.

ಮೈತ್ರೇಯಿ ಬಾಗಿ ನೋಡಿದಳು. ಆಮೇಲೆ ತನ್ನ ಕೈಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತು. ಕಂಪ್ಯೂಟರಿನಲ್ಲೂ ಹನ್ನೊಂದು ಇಪ್ಪತ್ತೇ.

ಆದರೆ ತಾರೀಕು? 2020ರ ನವೆಂಬರ್ ಹನ್ನೆರಡು.

"ಸಾರ್, ನಿಮ್ಮ ಕಂಪ್ಯೂಟರ್ ಇನ್ನೂ 2020ರಲ್ಲೇ ಇದೆ."

"ಬ್ಯಾಟರಿ ಹೋಗಿರುತ್ತಮ್ಮಾ," ಸೇತುರಾಮರು ಬಾಗಿಲಿನಿಂದಲೇ ಹೇಳಿದರು. "ಹಳೇದಲ್ವಾ?"

ಮೈತ್ರೇಯಿ ಶಶಿಧರನ ಮುಖ ನೋಡಿದಳು. ಅವನ ಕಣ್ಣುಗಳು ಆಗಲೇ ಅರಳಿದ್ದವು.

"ಬ್ಯಾಟರಿ ಹೋದ್ರೆ ಹಿಂಗಾಗಲ್ಲ ಸಾರ್. ಗಡಿಯಾರ ಸತ್ತೇ ಹೋಗುತ್ತೆ. ಆನ್ ಮಾಡಿದಾಗ ತಯಾರಾದ ವರ್ಷದ ಜನವರಿ ಒಂದನೇ ತಾರೀಕಿಗೆ ಹೋಗಿ ಕೂತಿರುತ್ತೆ. ಗಂಟೆ ಮಾತ್ರ ಇಷ್ಟು ಸರಿಯಾಗಿ, ವರ್ಷ ಮಾತ್ರ ಇಷ್ಟು ತಪ್ಪಾಗಿ ಇರೋದಿಲ್ಲ."

"ಅಂದ್ರೆ?"

"ಯಾರೋ ಕೈಯಾರೆ ತಾರೀಕು ಹಿಂದಕ್ಕೆ ತಿರುಗಿಸಿದ್ದಾರೆ."

"ಯಾಕೆ ತಿರುಗಿಸ್ತಾರೆ?" ಮೈತ್ರೇಯಿ ಕೇಳಿದಳು. ಕೇಳುವಾಗಲೇ ಉತ್ತರ ಅವಳಿಗೆ ಹೊಳೆಯತೊಡಗಿತ್ತು.

"ಆ ಪ್ಲಗಿನ್ನು ಬಾಗಿಲು ಹಾಕ್ಕೊಂಡಿದ್ದು 2021ರ ಜನವರೀಲಿ. ಆ ದಿನ ಬಂತೋ ಇಲ್ವೋ ಅಂತ ಅದು ನೋಡೋದು ಕಂಪ್ಯೂಟರಿನ ಗಡಿಯಾರ. ಗಡಿಯಾರ ಇನ್ನೂ ನವೆಂಬರ್ ಅಂದ್ರೆ ಅದಕ್ಕೆ ತನ್ನ ಆಯಸ್ಸು ಮುಗಿದಿರೋದೇ ಗೊತ್ತಾಗಲ್ಲ! ಇಂಟರ್ನೆಟ್ ಇದ್ರೆ ತಾರೀಕು ತಾನಾಗೇ ಸರಿಹೋಗಿಬಿಡುತ್ತೆ. ಅದಕ್ಕೇ ವೈರು ಕಿತ್ತಿದ್ದಾರೆ."

"ಓಡಿಸಿ ನೋಡಿ."

ಶಶಿಧರ್ ಹಳೆಯ ಬ್ರೌಸರ್ ತೆರೆದು 'ಬೆಳ್ಳಿಚುಕ್ಕಿ' ಎಂಬ ಹೆಸರಿನ ಮೇಲೆ ಒತ್ತಿದ. ಒಂದು ಕ್ಷಣ ಬೂದು ಚೌಕ ಕಂಡಿತು. ಚೌಕ ಕರಗಿತು. ಅದರ ಜಾಗದಲ್ಲಿ ಕಡುನೀಲಿ ಆಕಾಶ ತೆರೆದುಕೊಂಡಿತು, ಅದರ ನಡುವೆ ಕೆನ್ನೆ ಉಬ್ಬಿಸಿಕೊಂಡ ಸೂರ್ಯ. ಮೈತ್ರೇಯಿ ತಾನೇ ಮೌಸ್ ಹಿಡಿದು ಸೂರ್ಯನ ಮೇಲೆ ಒತ್ತಿದಳು.

"ನಮಸ್ಕಾರ ಮಕ್ಕಳೇ! ಇವತ್ತು ನಾವೆಲ್ಲ ಸೂರ್ಯನ ಮನೆಗೆ ಹೋಗೋಣ. ತುಂಬಾ ಹತ್ತಿರ ಹೋದರೆ ಸುಟ್ಟುಹೋಗುತ್ತೇವೆ, ದೂರದಿಂದಲೇ ನೋಡೋಣ, ಆಯಿತಾ?"

ಅದೇ ದನಿ. ಫೋನಿನಲ್ಲಿ ಬಿಳಿ ಕಾರು ಹತ್ತು ಎಂದಿದ್ದ ದನಿ. ಇಲ್ಲಿ ಮಾತ್ರ ಅದರಲ್ಲಿ ಒಂದು ನಗು ಬೆರೆತಿತ್ತು. ಯಾಕೆಂದು ತಿಳಿಯದೆ ಮೈತ್ರೇಯಿ ಚಂದ್ರನ ಮೇಲೂ ಒತ್ತಿದಳು, ಆಮೇಲೆ ಉಂಗುರ ತೊಟ್ಟ ಶನಿಯ ಮೇಲೆ. ಪ್ರತಿಯೊಂದೂ ಆ ದನಿಯಲ್ಲಿ ಏನೋ ಒಂದು ಹೇಳಿತು. ಸಾರಕ್ಕಿಯ ಆ ಮನೆಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿ ಕೂತಿದ್ದ ಹೆಂಗಸು ಒಂದು ಕಾಲದಲ್ಲಿ ಹೀಗೆ ಮಾತಾಡುತ್ತಿದ್ದಳು ಎಂಬುದು ಅವಳಿಗೆ ಈಗ ನಿಜವಾಗಿ ಅರ್ಥವಾಯಿತು.

ಅವಳು ಸೇತುರಾಮರ ಕಡೆ ತಿರುಗಿದಳು. ಅವರು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು.

"ಒಳಗಿದ್ದಿದ್ದು ಒಳಗೇ ಉಳೀತು ಅಂದ್ರಲ್ಲ ಸಾರ್?"

"ನನಗೆ ಈ ಟೆಕ್ನಿಕಲ್ ವಿಷಯ ಎಲ್ಲ ಗೊತ್ತಾಗಲ್ಲಮ್ಮ."

"ಇಲ್ಲಿಗೆ ಯಾರು ಬಂದಿದ್ರು?"

"ಯಾರೂ ಬಂದಿಲ್ಲ."

"ಶಶಿಧರ್, ನಮಗಿಂತ ಮುಂಚೆ ಈ ಪಾಠ ತೆರೆದ ದಿನ ಯಾವುದು ಅಂತ ಅದು ತೋರಿಸುತ್ತಾ?"

"ನವೆಂಬರ್ ಒಂದು ಅಂತಿದೆ ಮೇಡಂ. ಸುಳ್ಳು ತಾರೀಕು. ಆದ್ರೆ ತಿರುಗಿಸಿದ ದಿನದಿಂದ ಗಡಿಯಾರ ಸರಿಯಾಗೇ ನಡೀತಾ ಬಂದಿದೆ. ಒಂದರಿಂದ ಹನ್ನೆರಡಕ್ಕೆ ಬಂದಿದೆ ಅಂದ್ರೆ..."

"ಹೋದ ವಾರದ ಮಂಗಳವಾರ," ಎಂದಳು ಮೈತ್ರೇಯಿ. "ಆ ಮಂಗಳವಾರ ನಿಮ್ಮ ಮನೇಲಿ ಯಾರಿದ್ರು ಸಾರ್?"

ಸೇತುರಾಮರ ತುಟಿ ಬಿಗಿಯಿತು. "ನೋಡಿ, ನಾನು ಮರ್ಯಾದಸ್ಥ. ನನ್ನ ಮನೇಲಿ ನಿಂತು ನನ್ನನ್ನೇ..."

"ಒಬ್ಬ ಮುದುಕಿ ಒಂದು ರಾತ್ರಿ ಎಲ್ಲಿ ಕಳೆದಳು ಅಂತ ಯಾರಿಗೂ ಗೊತ್ತಿಲ್ಲ. ಕಣ್ಣು ಕಾಣಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ತಗೋಬೇಕು. ನೀವು ಆಕೆ ಕೈಯಿಂದ ಉಸಲಿ ತಿಂದವರು."

ಆ ಹೊತ್ತಿಗೆ ಸರಿಯಾಗಿ ಸೇತುರಾಮರ ಹೆಂಡತಿ ವಿಮಲಾ ತಟ್ಟೆಯಲ್ಲಿ ಕಾಫಿ ಹಿಡಿದು ಒಳಗೆ ಬಂದರು. ಪರದೆಯ ಮೇಲಿನ ಸೂರ್ಯನನ್ನು ಕಂಡು ಅವರ ಮುಖ ಅರಳಿತು.

"ಓ, ನೀವೂ ಇದನ್ನ ನೋಡೋಕೇ ಬಂದ್ರಾ? ಮೊನ್ನೆ ಮಧು ಬಂದಾಗ ನಾನೂ ಕೂತ್ಕೊಂಡು ಕೇಳಿದೆ. ಪಾಪ, ಆ ಹುಡುಗಿ ಅತ್ತಿದ್ದೇ ಅತ್ತಿದ್ದು..."

ಗಂಡನ ಮುಖ ನೋಡಿ ಅವರ ಮಾತು ಅಲ್ಲಿಗೇ ನಿಂತಿತು.

"ಮಧುಮತೀನಾ?" ಮೈತ್ರೇಯಿ ಕೇಳಿದಳು.

ಕೆಳಗೆ ಟ್ಯೂಷನ್ ಮಕ್ಕಳು ಒಟ್ಟಾಗಿ ಏನನ್ನೋ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಸೇತುರಾಮರು ಕನ್ನಡಕ ತೆಗೆದು ಶರಟಿನ ಅಂಚಿನಿಂದ ಒರೆಸಿದರು.

"ಯಾರಿಗೂ ಹೇಳಬೇಡಿ ಅಂತ ಕೈ ಮುಗಿದು ಕೇಳಿಕೊಂಡಳಮ್ಮ. ಮಾತು ಕೊಟ್ಟಿದ್ದೆ. ನಮ್ಮ ಕಂಪನೀಲಿ ಭಾರ್ಗವ ಅಂತ ಪ್ರೋಗ್ರಾಮರ್ ಇದ್ದ, ಈಗ ಬಿಟಿಎಂ ಲೇಔಟಿನಲ್ಲಿ ಸ್ವಂತ ಕೆಲಸ ಮಾಡ್ಕೊಂಡಿದಾನೆ. ಅವನನ್ನ ಕರ್ಕೊಂಡು ಬಂದ್ಲು. ತಾರೀಕು ತಿರುಗಿಸಿದ್ದು ಅವನೇ. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಒಂದೊಂದೇ ಪಾಠ ಓಡಿಸಿ ರೆಕಾರ್ಡ್ ಮಾಡ್ಕೊಂಡ. ಸೂರ್ಯ ಮಾತಾಡಿದಾಗ ಅವಳು ಆ ಪರದೆ ಮೇಲೆ ಕೈ ಇಟ್ಕೊಂಡು ಕೂತುಬಿಟ್ಲು."

"ಯಾಕೆ ಬೇಕಂತೆ ಅವಳಿಗೆ?"

"ಅದನ್ನ ಅವಳೇ ಹೇಳ್ಬೇಕು. ನಾನು ಕೇಳಲಿಲ್ಲ. ಕೇಳೋ ಮನಸ್ಸೂ ಬರಲಿಲ್ಲ."

*

ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ನಿಂತಿದ್ದವು. ಸ್ಟಿಯರಿಂಗಿನ ಮೇಲೆ ಕೈ ಇಟ್ಟುಕೊಂಡು ಮೈತ್ರೇಯಿ ಯೋಚಿಸುತ್ತಿದ್ದಳು.

"ತಾಯೀನ ತಾನೇ ಕರೆಸ್ಕೊಂಡು, ತಾನೇ ನಮ್ಮನ್ನೂ ಕರೀತಾಳಾ?" ಶಶಿಧರ್ ಕೇಳಿದ.

"ಕರೆಯಲ್ಲ."

"ಹಾಗಾದ್ರೆ ಸುಳ್ಳು ಯಾಕೆ ಹೇಳಿದ್ಲು?"

"ಕೇಳೋಣ."

ಮಧುಮತಿ ಬಾಗಿಲಲ್ಲೇ ನಿಂತಿದ್ದಳು. ಮೈತ್ರೇಯಿ ಒಳಗೆ ಬಂದು, ಅದೇ ಮೇಜಿನ ಮುಂದೆ ಕೂತು, ದನಿ ಏರಿಸದೆ ಹೇಳಿದಳು.

"ಸೂರ್ಯನ ಪಾಠ ಕೇಳಿಕೊಂಡು ಬಂದೆ, ಮಧುಮತಿ."

ಮಧುಮತಿಯ ಮುಖ ಬಿಳಿಚಿತು. ಆಮೇಲೆ ಫೋನು ತೆಗೆದುಕೊಂಡು ಟೈಪ್ ಮಾಡಿದಳು. ಆದರೆ ಈ ಸಲ ಪರದೆಯನ್ನು ತಿರುಗಿಸಲಿಲ್ಲ.

ಫೋನೇ ಮಾತಾಡಿತು.

"ಕ್ಷಮಿಸಿ ಮೇಡಂ. ನಾನು ಸುಳ್ಳು ಹೇಳಿದೆ."

ಶಶಿಧರ್ ಬೆಚ್ಚಿಬಿದ್ದ. ತಿಳಿಯಾದ, ಎಳೆಯ, ಪಾಠದ ದನಿ. ಮುಚ್ಚಿದ ತುಟಿಯ ಹೆಂಗಸಿನ ಕೈಯೊಳಗಿಂದ ಬರುತ್ತಿತ್ತು.

"ಭಾರ್ಗವ ಮಾಡಿಕೊಟ್ಟದ್ದು. ನಾನು ಬರೆದದ್ದನ್ನು ಇದು ನನ್ನ ದನಿಯಲ್ಲಿ ಹೇಳುತ್ತದೆ. ಅಮ್ಮನ ಜೊತೆ ಮಾತಾಡಬೇಕಿತ್ತು ಮೇಡಂ. ಬೇರೆ ಏನೂ ಬೇಕಿರಲಿಲ್ಲ."

ಅವಳು ಬರೆಯುತ್ತಾ ಹೋದಳು, ದನಿ ಹೇಳುತ್ತಾ ಹೋಯಿತು. ಹೋದ ವಾರದ ಶುಕ್ರವಾರ ಮೊದಲ ಸಲ ಅವಳು ಅಡುಗೆಮನೆಯಲ್ಲಿ ನಿಂತು 'ಅಮ್ಮಾ, ಊಟಕ್ಕೆ ಬಾ' ಎಂದು ಬರೆದಳು. ನಡುಮನೆಯಲ್ಲಿದ್ದ ಮುನಿವೆಂಕಟಮ್ಮ ಎದ್ದು, ಗೋಡೆ ತಡವರಿಸಿಕೊಂಡು ಬಂದು, ಮಗಳ ಮುಖವನ್ನೆಲ್ಲ ಸವರಿದಳು.

"ವಾಸಿ ಆಯ್ತಾ ಕಣಮ್ಮಾ ಅಂತ ಕೇಳಿದರು. ಇದು ಯಂತ್ರ ಅಂತ ಹೇಳಬೇಕಿತ್ತು. ಅವರ ಮುಖ ನೋಡಿ ಹೇಳಲಾಗಲಿಲ್ಲ. ಹೌದಮ್ಮ, ವಾಸಿಯಾಯಿತು ಎಂದೆ."

ಮೈತ್ರೇಯಿ ಕಣ್ಣು ಮುಚ್ಚಿ ತೆರೆದಳು.

"ಅದಕ್ಕೇ ಅವರು ಆ ಫೋನನ್ನ ನಂಬಿದ್ರು."

"ನಿನ್ನೆ ನಾನು ಔಷಧಿ ತರಲು ಹೋಗಿದ್ದೆ. ಆ ಕರೆ ನಾನು ಮಾಡಿದ್ದಲ್ಲ. ಆದರೆ ನಾನು ಆ ಸುಳ್ಳು ಹೇಳದಿದ್ದರೆ ಅಮ್ಮ ಆ ಕಾರು ಹತ್ತುತ್ತಿರಲಿಲ್ಲ. ಅದನ್ನು ನಿಮಗೆ ಹೇಗೆ ಹೇಳಲಿ?"

ದನಿ ನಿಂತಿತು. ಮಧುಮತಿ ಫೋನನ್ನು ಮೇಜಿನ ಮೇಲಿಟ್ಟು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಳುವಿಗೂ ಸದ್ದಿರಲಿಲ್ಲ.

ಮೈತ್ರೇಯಿ ಎದ್ದು ಅವಳ ಪಕ್ಕಕ್ಕೆ ಹೋಗಿ ಬೆನ್ನ ಮೇಲೆ ಕೈಯಿಟ್ಟಳು.

"ನಿಮ್ಮನ್ನ ತಪ್ಪು ಅನ್ನಲ್ಲ ನಾನು. ನಿಮ್ಮ ಜಾಗದಲ್ಲಿ ಯಾರಿದ್ರೂ ಅದನ್ನೇ ಹೇಳ್ತಿದ್ರು. ಈಗ ಒಂದೇ ಒಂದು ಹೇಳಿ. ಆ ದನಿ ನಿಮ್ಮ ಫೋನು ಬಿಟ್ಟು ಇನ್ನೆಲ್ಲಿದೆ?"

ಮಧುಮತಿ ಕಣ್ಣೊರೆಸಿಕೊಂಡಳು. "ಭಾರ್ಗವನ ಹತ್ತಿರ. ಆದರೆ ಅವನು ಅಂಥವನಲ್ಲ. ಒಂದು ರೂಪಾಯಿ ತೆಗೆದುಕೊಳ್ಳದೆ ಮಾಡಿಕೊಟ್ಟ."

"ಸೇತುರಾಮರ ಮನೇಲಿ ಇಡೀ ದಿನ ಕೆಲಸ ನಡೀತು. ಅಲ್ಲಿಗೆ ಬೇರೆ ಯಾರಾದ್ರೂ ಬಂದು ಹೋದ್ರಾ?"

ಮಧುಮತಿ ಹಣೆ ಸುಕ್ಕುಗಟ್ಟಿಸಿ ನೆನಪು ಮಾಡಿಕೊಳ್ಳುತ್ತಿದ್ದಳು. ಶಶಿಧರ್ ಆಗಲೇ ಗಾಡಿಯ ಕೀ ತೆಗೆದುಕೊಂಡು ಎದ್ದಿದ್ದ. "ನಾನು ಬಿಟಿಎಂಗೆ ಹೊರಡ್ತೀನಿ ಮೇಡಂ. ಆ ಭಾರ್ಗವನ್ನ ಮುಖತಾ ನೋಡಿಬಿಡೋಣ."

ಅವನು ಬಾಗಿಲು ದಾಟುವ ಮುಂಚೆ ಮೈತ್ರೇಯಿಯ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ಹಲೋ?"

"ಮೈತ್ರೇಯಿ ಅವರೇ? ನಾನು ಮಧುಮತಿ."

ಮೈತ್ರೇಯಿ ತಲೆಯೆತ್ತಿದಳು. ಮಧುಮತಿ ಅವಳ ಪಕ್ಕದಲ್ಲೇ ಇದ್ದಳು. ಅವಳ ಫೋನು ಮೇಜಿನ ಮೇಲೆ ಪರದೆ ಆರಿ ಬಿದ್ದಿತ್ತು. ಎರಡೂ ಕೈ ಮಡಿಲಲ್ಲಿದ್ದವು.

ಮೈತ್ರೇಯಿ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು. ಶಶಿಧರ್ ಬಾಗಿಲಲ್ಲೇ ನಿಂತ.

"ಹೇಳಿ, ಮಧುಮತಿ," ಎಂದಳು, ದನಿಯಲ್ಲಿ ಏನನ್ನೂ ತೋರಗೊಡದೆ.

"ನನ್ನ ತಾಯಿ ನನ್ನ ಜೊತೆಯಲ್ಲಿ ಕ್ಷೇಮವಾಗಿದ್ದಾರೆ. ನೀವು ಹುಡುಕುವುದನ್ನು ನಿಲ್ಲಿಸಿರಿ, ಆಯಿತಾ?"

"ಖಂಡಿತ ನಿಲ್ಲಿಸ್ತೀನಿ. ಅವರ ದನಿ ಒಂದ್ಸಲ ಕೇಳಿಸಿ."

ಆಚೆ ಯಾವುದೋ ಬಾಗಿಲು ತೆರೆದ ಸದ್ದು. ಆಮೇಲೆ ಹಳೆಯ, ಒರಟು, ಸಂತೋಷ ತುಂಬಿದ ದನಿ.

"ಅಲೋ, ಯಾರಮ್ಮ? ನಾನು ಮುನಿಯೆಂಕಟಮ್ಮ. ನನ್ನ ಯಾಕೆ ಉಡುಕ್ತಾ ಇದೀರಿ? ನಾನು ಚೆಂದಾಗಿವ್ನಿ. ನನ್ ಮಗಳ ಆಸ್ಪತ್ರೇಲಿ ಇವ್ನಿ."

"ಯಾವ ಆಸ್ಪತ್ರೆ ಅಜ್ಜಿ?"

"ಅದೇನೋಪ್ಪ, ನಂಗೆ ಕಣ್ಣು ಕಾಣಾಕಿಲ್ವಲ್ಲ. ಅವಳ ಗಂಟಲಿಗೆ ಹೊಸಾ ಮದ್ದು ಕೊಡ್ತಾವ್ರಂತೆ. ಗಾಜಿನ ಆಚೆ ಮಲಗವ್ಳೆ. ಮುಟ್ಟಂಗಿಲ್ಲ ಅಂದವ್ರೆ, ಫೋನಾಗೇ ಮಾತಾಡ್ತಾಳೆ. ರಾತ್ರಿಯೆಲ್ಲಾ ಮಾತಾಡುದ್ವಿ!"

ಮಧುಮತಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಿದ್ದಳು. ಅವಳ ಬಾಯಿ ತೆರೆದುಕೊಂಡಿತ್ತು. ಕುತ್ತಿಗೆಯ ನರಗಳು ಉಬ್ಬಿದ್ದವು. ಅಮ್ಮಾ ಎಂದು ಅವಳು ಕೂಗುತ್ತಿದ್ದಳು, ಕೋಣೆಯಲ್ಲಿ ಬರೀ ಉಸಿರಿನ ಸುಯ್ಯೆನ್ನುವ ಸದ್ದು.

ಅವಳು ತನ್ನ ಫೋನನ್ನು ಕಸಿದುಕೊಂಡಳು. ಬೆರಳು ಎರಡು ಸಲ ತಪ್ಪು ಒತ್ತಿತು. ಮೈತ್ರೇಯಿ ಬೇಡವೆಂದು ಕೈ ಚಾಚುವಷ್ಟರಲ್ಲಿ ದನಿ ಹೊರಟಿತ್ತು.

"ಅಮ್ಮಾ, ಅಲ್ಲಿರುವುದು ನಾನಲ್ಲ. ನಾನು ನಮ್ಮ ಮನೆಯಲ್ಲಿದ್ದೇನೆ. ನಾನು ನಿನ್ನ ಮಧು."



"ಇದ್ಯಾರು?" ಮುದುಕಿಯ ದನಿ ಈಗ ಅಳುಕುತ್ತಿತ್ತು. "ಮದೂ? ಇಲ್ಲೂ ನೀನೇ, ಅಲ್ಲೂ ನೀನೇನಾ?"

ಮಧುಮತಿ ಮತ್ತೆ ಬರೆಯತೊಡಗಿದಳು. ಆದರೆ ಬರೆಯುವುದಕ್ಕೆ ಹೊತ್ತು ಬೇಕು. ಅಷ್ಟರಲ್ಲಿ ಆಚೆ ಕಡೆಯ ಅದೇ ದನಿ, ಅದೇ ರಾಗದಲ್ಲಿ, ಸ್ವಲ್ಪವೂ ಅವಸರವಿಲ್ಲದೆ ಮಾತಾಡಿತು.

"ನಾನು ಹೇಳಿರಲಿಲ್ಲವೇ ಅಮ್ಮಾ? ಯಾರೋ ನನ್ನ ದನಿಯನ್ನು ಕದ್ದಿದ್ದಾರೆ ಎಂದು? ಅವರೇ ಇವರು. ನಿನ್ನನ್ನು ಸೋಮವಾರ ಕೋರ್ಟಿಗೆ ಎಳೆದುಕೊಂಡು ಹೋಗಲು ನೋಡುತ್ತಿರುವವರೂ ಇವರೇ."

"ಅಜ್ಜಿ, ಅವರ ಮಾತು ನಂಬಬೇಡಿ!" ಮೈತ್ರೇಯಿ ಕೂಗಿದಳು. "ಅವಳ ಕೈ ಮುಟ್ಟಿ ನೋಡ್ತೀನಿ ಅಂತ ಕೇಳಿ, ಒಂದೇ ಒಂದ್ಸಲ..."

"ಥೂ ನಿಮ್ಮ ಜನ್ಮಕ್ಕೆ," ಎಂದಳು ಮುನಿವೆಂಕಟಮ್ಮ. ಅಳುಕು ಹೋಗಿ ದನಿ ಗಟ್ಟಿಯಾಗಿತ್ತು. "ಏಸು ವರ್ಸ ಕಾದು ನನ್ ಮಗಳಿಗೆ ದನಿ ಬಂದೈತೆ. ಅದನ್ನೂ ಕದೀತೀರಾ? ಇನ್ನೊಂದು ಕಿತ ನಮ್ ತಂಟೆಗೆ ಬಂದೀರಿ."

ಕರೆ ಕತ್ತರಿಸಿಹೋಯಿತು. ಕತ್ತರಿಸಿದವಳು ಮುನಿವೆಂಕಟಮ್ಮನೇ.